ಶ್ರೀ ಕೆಂಗಲ್ ಹನುಮಂತಯ್ಯನವರು (1908–1980): ಜೀವನ ಮತ್ತು ಸಾರ್ವಜನಿಕ ಸೇವೆ

ಮರಿಯಮ್ಮನಹಳ್ಳಿ ಹೋಬಳಿಯ ಸಾರ್ವಜನಿಕರು ಪಹಣಿ, ಖಾತೆ ಬದಲಾವಣೆ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ ಮುಂತಾದ ಸೇವೆಗಳಿಗೆ ಇಂದು ಕರ್ನಾಟಕ ಸರ್ಕಾರಕ್ಕೆ ಅರ್ಜಿ ಸಲ್ಲಿಸುತ್ತಾರೆ. ದಿನಾಂಕ 01-10-1953ಕ್ಕೆ ಮೊದಲು ಇದೇ ಊರು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಇಲ್ಲಿನ ರೈತನ ಅರ್ಜಿ ಮೇಲಕ್ಕೆ ಹೋದರೆ ಅದು ಮುಟ್ಟುತ್ತಿದ್ದುದು ಮದರಾಸಿನ ಸಚಿವಾಲಯವನ್ನು. ಆ ದಿನ ಹೊಸಪೇಟೆ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿದಾಗ ಆ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಶ್ರೀ ಕೆಂಗಲ್ ಹನುಮಂತಯ್ಯನವರು. ನಾಡಿನ ಜನ ಅವರನ್ನು ವಿಧಾನಸೌಧವನ್ನು ಕಟ್ಟಿಸಿದವರೆಂದೇ ಬಲ್ಲರು. ಸರ್ಕಾರಿ ಕಚೇರಿಯಲ್ಲಿ ಅನ್ಯಾಯವಾದಾಗ ಪ್ರಜೆಯು ದೂರು ಕೊಡಲು ಒಂದು ಸ್ವತಂತ್ರ ಸಂಸ್ಥೆ ಇರಬೇಕೆಂಬ ಶಿಫಾರಸಿನ ಹಿಂದೆಯೂ ಅವರು ಇದ್ದರೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಶ್ರೀಯುತರು ದಿನಾಂಕ 14-02-1908ರಂದು ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ ಒಕ್ಕಲುತನದ ಕುಟುಂಬದಲ್ಲಿ ಜನಿಸಿದರು. ಅವರ ಹೆಸರಿನೊಂದಿಗೆ ಸೇರಿಕೊಂಡ ಕೆಂಗಲ್ ಎಂಬುದು ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲಿರುವ ಆಂಜನೇಯ ಕ್ಷೇತ್ರದ ಹೆಸರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1930ರಲ್ಲಿ ಪದವಿ ಪಡೆದು, 1932ರಲ್ಲಿ ಪುಣೆಯಲ್ಲಿ ಕಾನೂನು ವ್ಯಾಸಂಗ ಮುಗಿಸಿ, ಬೆಂಗಳೂರಿನಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದರು. ವೃತ್ತಿಯು ನೆಲೆಗೊಳ್ಳುವ ಮೊದಲೇ ಕಾಂಗ್ರೆಸ್ ಚಳವಳಿಯು ಅವರನ್ನು ಸೆಳೆದುಕೊಂಡಿತು. ಸ್ವಾತಂತ್ರ್ಯ ಹೋರಾಟದಲ್ಲಿ ಹಲವು ಬಾರಿ ಸೆರೆಮನೆ ವಾಸವನ್ನು ಅನುಭವಿಸಿದರು. ಸ್ವಾತಂತ್ರ್ಯಾನಂತರ ಸಂವಿಧಾನ ರಚನಾ ಸಭೆಯ ಸದಸ್ಯರಾಗಿ ದೆಹಲಿಗೆ ತೆರಳಿದರು. ಸಂವಿಧಾನವು ಅಂತಿಮ ರೂಪ ಪಡೆಯುತ್ತಿದ್ದ 1949ರ ನವೆಂಬರ್‌ನಲ್ಲಿ, ತಾವು ಬಯಸಿದ್ದು ವೀಣೆಯ ನಾದವಾಗಿದ್ದು ದೊರೆತದ್ದು ಇಂಗ್ಲಿಷ್ ಬ್ಯಾಂಡಿನ ಸಂಗೀತವೆಂಬ ಅಭಿಪ್ರಾಯವನ್ನು ಸಭೆಯಲ್ಲಿ ಸಂಕೋಚವಿಲ್ಲದೆ ಮಂಡಿಸಿದರು. ಸ್ವಪಕ್ಷದವರಿಗೆ ಇಷ್ಟವಾಗದ ಮಾತನ್ನೂ ಆಡಿಬಿಡುವ ಈ ಸ್ವಭಾವವು ಮುಂದೆ ಅವರಿಗೆ ಕೀರ್ತಿಯನ್ನೂ ವಿರೋಧಿಗಳನ್ನೂ ತಂದುಕೊಟ್ಟಿತು.

ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ರಾಮನಗರ ಕ್ಷೇತ್ರದಿಂದ ಆಯ್ಕೆಯಾಗಿ, ದಿನಾಂಕ 30-03-1952ರಂದು ಶ್ರೀ ಕೆ. ಸಿ. ರೆಡ್ಡಿಯವರ ನಂತರ ಮೈಸೂರು ರಾಜ್ಯದ ಎರಡನೆಯ ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡರು. ಮರುವರ್ಷವೇ ಬಳ್ಳಾರಿಯ ಪ್ರಶ್ನೆಯು ಎದುರಾಯಿತು. ತೆಲುಗು ಭಾಷಿಕರಿಗಾಗಿ ಆಂಧ್ರ ರಾಜ್ಯವು ರಚನೆಯಾದಾಗ, ಮದರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯನ್ನು ಹಂಚಬೇಕಾಯಿತು. ಆಲೂರು, ಆದೋನಿ ಮತ್ತು ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹೊಸಪೇಟೆ, ಸಂಡೂರು, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ ಮತ್ತು ಹರಪನಹಳ್ಳಿ ಮೈಸೂರಿಗೆ ಎಂದು ತೀರ್ಮಾನವಾಯಿತು. ಬಳ್ಳಾರಿ ತಾಲ್ಲೂಕಿನ ಬಗ್ಗೆ ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲ್. ಎಸ್. ಮಿಶ್ರ ಅವರು ವಿಚಾರಣೆ ನಡೆಸಿ, ಅದೂ ಮೈಸೂರಿಗೆ ಸೇರಬೇಕೆಂದು ವರದಿ ನೀಡಿದರು. ನಾಲ್ಕೇ ವರ್ಷಗಳ ಹಿಂದೆ ಸಂಸ್ಥಾನದ ಆಳ್ವಿಕೆಯಲ್ಲಿದ್ದ ಸಂಡೂರಿನ ಜನರಿಗೆ ಇದು ಅಲ್ಪ ಕಾಲದಲ್ಲಿ ಎರಡನೆಯ ಬದಲಾವಣೆ.

ಅದೇ 1953ರ ಜುಲೈ ತಿಂಗಳಿನಲ್ಲಿ ತುಂಗಭದ್ರಾ ಜಲಾಶಯದಿಂದ ಕಾಲುವೆಗೆ ನೀರು ಹರಿದಿತ್ತು. ಹಿನ್ನೀರಿನಲ್ಲಿ ಸುಮಾರು 90 ಗ್ರಾಮಗಳು ಮುಳುಗಡೆಯಾಗಿ, ಹೊಲ ಮನೆ ಕಳೆದುಕೊಂಡ ಕುಟುಂಬಗಳು ಸುತ್ತಲಿನ ಊರುಗಳಲ್ಲಿ ಹೊಸದಾಗಿ ನೆಲೆ ನಿಂತವು. ಒಂದು ಸರ್ಕಾರ ಭೂಮಿಯನ್ನು ವಶಪಡಿಸಿಕೊಂಡು, ಮತ್ತೊಂದು ಸರ್ಕಾರದ ಕಚೇರಿಯಲ್ಲಿ ದಾಖಲೆಗಾಗಿ ನಿಲ್ಲಬೇಕಾಗಿ ಬಂದ ಈ ಜನರಿಗೆ ಆಡಳಿತದ ಭಾಷೆ ಕನ್ನಡವಾಗುವುದು ಅಭಿಮಾನದ ವಿಷಯವಾಗಿದ್ದಷ್ಟೇ ಅಗತ್ಯದ ವಿಷಯವೂ ಆಗಿತ್ತು. ಆದರೆ ಪ್ರಶ್ನೆಯು ಅಲ್ಲಿಗೆ ಮುಗಿಯಲಿಲ್ಲ. ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ಬಳ್ಳಾರಿ, ಹೊಸಪೇಟೆ ಮತ್ತು ಸಿರುಗುಪ್ಪ ತಾಲ್ಲೂಕುಗಳನ್ನು ತುಂಗಭದ್ರಾ ಯೋಜನೆಯ ಕಾರಣದಿಂದ ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಹಂಪಿ ಮತ್ತು ಕಂಪ್ಲಿ ಆಗ ಹೊಸಪೇಟೆ ತಾಲ್ಲೂಕಿನಲ್ಲೇ ಇದ್ದವು. ಕನ್ನಡಿಗರ ಒಗ್ಗಟ್ಟಿನ ವಿರೋಧದ ನಂತರ ಆ ಶಿಫಾರಸನ್ನು ಕೈಬಿಡಲಾಯಿತು.

ಈ ನಡುವೆ ಬೆಂಗಳೂರಿನಲ್ಲಿ ವಿಧಾನಸೌಧವು ಮೇಲೇಳುತ್ತಿತ್ತು. ದಿನಾಂಕ 13-07-1951ರಂದು, ಶ್ರೀ ಕೆ. ಸಿ. ರೆಡ್ಡಿಯವರ ಅವಧಿಯಲ್ಲಿ, ಪ್ರಧಾನಮಂತ್ರಿ ಶ್ರೀ ಜವಾಹರಲಾಲ್ ನೆಹರೂ ಅವರು ಶಂಕುಸ್ಥಾಪನೆ ನೆರವೇರಿಸಿದ್ದು ಇದಕ್ಕಿಂತ ಸರಳವಾದ ಕಟ್ಟಡಕ್ಕೆ. ಹನುಮಂತಯ್ಯನವರು ಅಧಿಕಾರಕ್ಕೆ ಬಂದ ಮೇಲೆ ಆ ನಕ್ಷೆಯನ್ನು ಬದಿಗಿರಿಸಿದರು. ಎದುರಿಗೆ ಬ್ರಿಟಿಷರ ಕಾಲದ ಕೆಂಪು ಅಠಾರಾ ಕಚೇರಿ ಇರುವಾಗ, ಪ್ರಜೆಗಳೇ ಆರಿಸಿದ ಸರ್ಕಾರದ ಮನೆಯು ಅದಕ್ಕಿಂತ ಕಿರಿದಾಗಿ, ಪರದೇಶದ ಶೈಲಿಯಲ್ಲಿ ಇರಬಾರದೆಂಬುದು ಅವರ ನಿಲುವು. ದ್ರಾವಿಡ ಶೈಲಿಯ ಕಂಬ, ಕೆತ್ತನೆ ಮತ್ತು ಗುಮ್ಮಟಗಳ ಹೊಸ ವಿನ್ಯಾಸವನ್ನು ಸರ್ಕಾರಿ ವಾಸ್ತುಶಿಲ್ಪಿ ಶ್ರೀ ಬಿ. ಆರ್. ಮಾಣಿಕ್ಯಂ ಅವರು ಸಿದ್ಧಪಡಿಸಿದರು. ಸುಮಾರು 5,000 ಕೂಲಿಕಾರರು ಮತ್ತು 1,500 ಕಲ್ಲುಕುಟಿಗರು, ಗಾರೆಯವರು, ಮರಗೆಲಸದವರು ಇಲ್ಲಿ ದುಡಿದರು. ಕೂಲಿಕಾರರಲ್ಲಿ ಬಹಳಷ್ಟು ಮಂದಿ ಸೆರೆಮನೆಯ ಕೈದಿಗಳು. 700 ಅಡಿ ಉದ್ದ, 350 ಅಡಿ ಅಗಲದ ಈ ಬೆಣಚುಕಲ್ಲಿನ ಸೌಧವು 1956ರಲ್ಲಿ ಪೂರ್ಣಗೊಂಡಾಗ ತಗುಲಿದ ವೆಚ್ಚ ಒಂದೂಮುಕ್ಕಾಲು ಕೋಟಿ ರೂಪಾಯಿಯ ಆಸುಪಾಸು.

ಬರಗಾಲ, ಆಹಾರದ ಅಭಾವ, ಶಾಲೆಯಿಲ್ಲದ ಹಳ್ಳಿಗಳಿದ್ದ ಕಾಲದಲ್ಲಿ ಈ ಮೊತ್ತವು ಜನರ ಕಣ್ಣಿಗೆ ಬೀಳದೆ ಇರಲಿಲ್ಲ. ನಕ್ಷೆಯನ್ನು ನಡುವೆ ಬದಲಾಯಿಸಿದ್ದೇಕೆ, ಹೆಚ್ಚುವರಿ ವೆಚ್ಚಕ್ಕೆ ಮಂಜೂರಾತಿ ಯಾವಾಗ ದೊರೆಯಿತು, ಕೆಲಸವನ್ನು ಯಾರಿಗೆ ಹೇಗೆ ವಹಿಸಲಾಯಿತು ಎಂಬ ಪ್ರಶ್ನೆಗಳು ಶಾಸನಸಭೆಯ ಒಳಗೂ ಹೊರಗೂ ಎದ್ದವು. ವಿಚಾರಣೆಗೆ ಸಮಿತಿಯೂ ನೇಮಕವಾಯಿತು. ಸ್ವಂತಕ್ಕೆ ಹಣ ಮಾಡಿಕೊಂಡರೆಂಬ ಕಳಂಕವು ಹನುಮಂತಯ್ಯನವರಿಗೆ ಅಂಟಲಿಲ್ಲ. ಆದರೆ ದೊಡ್ಡ ಕನಸಿನ ಅವಸರದಲ್ಲಿ ಕಡತದ ಕ್ರಮವು ಹಿಂದುಳಿಯಿತೆಂಬ ಟೀಕೆಯನ್ನು ಅವರ ಅಭಿಮಾನಿಗಳೂ ಪೂರ್ತಿಯಾಗಿ ತಳ್ಳಿಹಾಕಲಾರರು. ಕಟ್ಟಡವು ಭವ್ಯವಾಗಿದೆಯೆಂಬುದು ಲೆಕ್ಕದ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಇಂದು ಗ್ರಾಮ ಪಂಚಾಯಿತಿಯ ಸಮುದಾಯ ಭವನದ ಬಿಲ್ಲಿನ ಬಗ್ಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವ ನಾಗರಿಕನು ಕೇಳುವುದೂ ಇದೇ ಬಗೆಯ ಪ್ರಶ್ನೆಗಳನ್ನು.

ಸೌಧದ ಮುಂಭಾಗದಲ್ಲಿ, ಸರ್ಕಾರದ ಕೆಲಸವನ್ನು ದೇವರ ಕೆಲಸಕ್ಕೆ ಸಮವೆಂದು ಸಾರುವ ಬರಹವಿದೆ. ಕಚೇರಿಗೆ ಅಲೆದು ಬೇಸತ್ತವರು ಅದನ್ನು ವ್ಯಂಗ್ಯಕ್ಕೆ ಬಳಸುವುದೂ ಉಂಟು. ಕಟ್ಟಿಸಿದವರ ಉದ್ದೇಶವಂತೂ ಅದನ್ನು ಒಳಗೆ ಹೋಗುವ ನೌಕರನು ಓದಿಕೊಳ್ಳಲಿ ಎಂಬುದಾಗಿತ್ತು.

ಅವರ ಆಡಳಿತಾವಧಿಯಲ್ಲಿ ಇನಾಮು ರದ್ದತಿ ಕಾನೂನು ಬಂದಿತು. ಅವರ ಆಸಕ್ತಿಯಿಂದ ಸಾಹಿತ್ಯ ಮತ್ತು ಸಂಸ್ಕೃತಿಗೆ ಸರ್ಕಾರದಲ್ಲಿ ಪ್ರತ್ಯೇಕ ವ್ಯವಸ್ಥೆ ಮೂಡಿ, ಕುಮಾರವ್ಯಾಸ ಭಾರತವು ಅಗ್ಗದ ಬೆಲೆಯಲ್ಲಿ ಮನೆಮನೆಗೆ ತಲುಪುವಂತಾಯಿತು.

ಕರ್ನಾಟಕ ಏಕೀಕರಣದ ವಿಷಯದಲ್ಲಿ ಅವರು ತಳೆದ ನಿಲುವಿಗೆ ತೆತ್ತ ಬೆಲೆ ದೊಡ್ಡದು. ಹಳೆಯ ಮೈಸೂರಿನ ಅನೇಕ ನಾಯಕರಿಗೆ, ಅವರದೇ ಸಮುದಾಯದ ಪ್ರಭಾವಿಗಳಿಗೆ, ವಿಶಾಲ ರಾಜ್ಯವಾದರೆ ತಮ್ಮ ಪ್ರಾಬಲ್ಯ ಕುಗ್ಗೀತೆಂಬ ಅಂಜಿಕೆಯಿತ್ತು. ಹನುಮಂತಯ್ಯನವರು ಏಕೀಕರಣದ ಪರವಾಗಿ ನಿಂತರು. ಪಕ್ಷದೊಳಗಿನ ವಿರೋಧವು ಬಲಿತು, ದಿನಾಂಕ 19-08-1956ರಂದು ಅವರು ಅಧಿಕಾರದಿಂದ ನಿರ್ಗಮಿಸಿದರು. ಶ್ರೀ ಕಡಿದಾಳ್ ಮಂಜಪ್ಪನವರು ಕೆಲಕಾಲ ಮುಖ್ಯಮಂತ್ರಿಗಳಾದರು. ದಿನಾಂಕ 01-11-1956ರಂದು ವಿಶಾಲ ಮೈಸೂರು ರಾಜ್ಯವು ಉದಯಿಸಿದಾಗ ಆ ಸ್ಥಾನದಲ್ಲಿದ್ದವರು ಶ್ರೀ ಎಸ್. ನಿಜಲಿಂಗಪ್ಪನವರು. ಸೌಧವನ್ನು ಕಟ್ಟಿಸಿದವರು ಹೊಸ ರಾಜ್ಯದ ಮೊದಲ ದಿನ ಆ ಸೌಧದ ಯಜಮಾನರಾಗಿರಲಿಲ್ಲ.

ಶ್ರೀಯುತರು 1962ರಲ್ಲಿ ಬೆಂಗಳೂರಿನಿಂದ ಲೋಕಸಭೆಗೆ ಆಯ್ಕೆಯಾದರು. 1967 ಮತ್ತು 1971ರಲ್ಲಿ ಪುನರಾಯ್ಕೆಯಾದರು. ಕೇಂದ್ರ ಸರ್ಕಾರವು 1966ರ ಜನವರಿಯಲ್ಲಿ ಶ್ರೀ ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯಲ್ಲಿ ಆಡಳಿತ ಸುಧಾರಣಾ ಆಯೋಗವನ್ನು ರಚಿಸಿದಾಗ ಅವರು ಅದರ ಸದಸ್ಯರಾದರು. ಆ ವರ್ಷದ ಅಕ್ಟೋಬರ್‌ನಲ್ಲಿಯೇ ಆಯೋಗವು ತನ್ನ ಮೊದಲ ವರದಿಯನ್ನು ಸಲ್ಲಿಸಿತು. ದೊಡ್ಡ ಇಲಾಖೆಗಳ ಪುನರ್ರಚನೆಗೆ ಕೈಹಾಕುವ ಮೊದಲು, ಪ್ರಜೆಗಳ ಕುಂದುಕೊರತೆಗಳ ನಿವಾರಣೆಯನ್ನೇ ಮೊದಲ ವಿಷಯವಾಗಿ ಎತ್ತಿಕೊಂಡದ್ದು ಗಮನಾರ್ಹ. ಸ್ವೀಡನ್ ಮುಂತಾದ ದೇಶಗಳ ಓಂಬುಡ್ಸ್‌ಮನ್ ಪದ್ಧತಿಯನ್ನು ಪರಿಶೀಲಿಸಿ, ಮಂತ್ರಿಗಳು ಮತ್ತು ಕಾರ್ಯದರ್ಶಿಗಳ ವಿರುದ್ಧದ ದೂರುಗಳಿಗೆ ಲೋಕಪಾಲರು, ಇತರ ಅಧಿಕಾರಿಗಳ ವಿರುದ್ಧದ ದೂರುಗಳಿಗೆ ಕೇಂದ್ರದಲ್ಲಿಯೂ ರಾಜ್ಯಗಳಲ್ಲಿಯೂ ಲೋಕಾಯುಕ್ತರು ಇರಬೇಕೆಂದು ಆ ವರದಿಯು ಶಿಫಾರಸು ಮಾಡಿತು. ಇವರು ಸರ್ಕಾರದ ಅಧೀನದಲ್ಲಿರದೆ ಸ್ವತಂತ್ರರಾಗಿರಬೇಕು ಎಂಬುದು ಅದರ ತಿರುಳು. ದೇಸಾಯಿಯವರು 1967ರಲ್ಲಿ ಉಪಪ್ರಧಾನಿಯಾದ ಮೇಲೆ ಹನುಮಂತಯ್ಯನವರೇ ಆಯೋಗದ ಅಧ್ಯಕ್ಷರಾದರು. ಆಯೋಗವು 1970ರೊಳಗೆ ಒಟ್ಟು 20 ವರದಿಗಳನ್ನು ಸಲ್ಲಿಸಿತು.

ಒಂದು ಕಟ್ಟಡದ ಲೆಕ್ಕಕ್ಕಾಗಿ ಸ್ವತಃ ಪ್ರಶ್ನೆಗಳಿಗೆ ಗುರಿಯಾಗಿದ್ದ ವ್ಯಕ್ತಿಯು, ಹತ್ತು ವರ್ಷಗಳ ನಂತರ, ಅಧಿಕಾರದಲ್ಲಿರುವವರನ್ನು ಪ್ರಶ್ನಿಸುವ ಸಂಸ್ಥೆಗೆ ರೂಪ ಕೊಡುವವರಲ್ಲಿ ಒಬ್ಬರಾದರು. ಅನುಭವವೇ ಅವರನ್ನು ಅಲ್ಲಿಗೆ ಕರೆದೊಯ್ದಿತೆಂದು ಹೇಳಲು ಆಧಾರ ಬೇಕು. ಆದರೆ ಆರೋಪವು ವದಂತಿಯಾಗಿ ಉಳಿಯದೆ ವಿಚಾರಣೆಗೆ ಒಳಪಟ್ಟರೆ ದೂರುದಾರನಿಗೂ ಆರೋಪಿತನಿಗೂ ಹಿತವೆಂಬುದನ್ನು ಅವರಷ್ಟು ಹತ್ತಿರದಿಂದ ಕಂಡವರು ಆಯೋಗದಲ್ಲಿ ವಿರಳವಾಗಿದ್ದಿರಬೇಕು.

ನಂತರ ಅವರು ಕೇಂದ್ರದಲ್ಲಿ ಕಾನೂನು ಸಚಿವರಾಗಿಯೂ, 1971ರಿಂದ 1972ರವರೆಗೆ ರೈಲ್ವೆ ಸಚಿವರಾಗಿಯೂ ಸೇವೆ ಸಲ್ಲಿಸಿದರು. ತುರ್ತು ಪರಿಸ್ಥಿತಿಯ ನಂತರ 1977ರಲ್ಲಿ ನಡೆದ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ಜನತಾ ಪಕ್ಷದ ಅಭ್ಯರ್ಥಿ, ಸುಪ್ರೀಂ ಕೋರ್ಟಿನ ಮಾಜಿ ನ್ಯಾಯಮೂರ್ತಿ ಶ್ರೀ ಕೆ. ಎಸ್. ಹೆಗ್ಡೆಯವರ ಎದುರು ಸೋತರು. ದಿನಾಂಕ 01-12-1980ರಂದು ನಿಧನರಾದರು. ಬೆಂಗಳೂರಿನ ಒಂದು ಮುಖ್ಯ ರಸ್ತೆಗೆ ಅವರ ಹೆಸರಿದೆ. ವಿಧಾನಸೌಧದ ಆವರಣದಲ್ಲಿ ಅವರ ಪ್ರತಿಮೆಯಿದೆ.

ಅವರು ಭಾಗವಹಿಸಿ ಸಲ್ಲಿಸಿದ ಶಿಫಾರಸು ಕಾನೂನಾಗುವುದನ್ನು ತಮ್ಮ ರಾಜ್ಯದಲ್ಲಿ ಕಾಣಲು ಅವರು ಬದುಕಿರಲಿಲ್ಲ. ಸಂಸತ್ತಿನಲ್ಲಿ ಲೋಕಪಾಲ ಮಸೂದೆಯು ಮೊದಲು ಮಂಡನೆಯಾದದ್ದು 1968ರಲ್ಲಿ, ಅಂಗೀಕಾರವಾದದ್ದು 2013ರಲ್ಲಿ. ಕರ್ನಾಟಕ ಲೋಕಾಯುಕ್ತ ಅಧಿನಿಯಮವು 1984ರಲ್ಲಿ ಅಂಗೀಕಾರವಾಗಿ, ಸಂಸ್ಥೆಯು 1986ರಲ್ಲಿ ಕಾರ್ಯಾರಂಭ ಮಾಡಿತು. ಅದರ ದೊಡ್ಡ ಪರೀಕ್ಷೆ ಎದುರಾದದ್ದು, 1953ರಲ್ಲಿ ಅವರ ಸರ್ಕಾರವು ಬರಮಾಡಿಕೊಂಡ ಇದೇ ಹೊಸಪೇಟೆ, ಸಂಡೂರು ಸೀಮೆಯಲ್ಲಿ. ಕಬ್ಬಿಣದ ಅದಿರಿಗೆ ಹೊರದೇಶದಲ್ಲಿ ಬೇಡಿಕೆ ಏರಿದ ವರ್ಷಗಳಲ್ಲಿ ಗಡಿ ಮೀರಿ ಗಣಿ ತೋಡುವುದು, ಪರವಾನಗಿಯಿಲ್ಲದ ಸಾಗಾಣಿಕೆ, ಮಿತಿ ಮೀರಿದ ಭಾರದ ಲಾರಿಗಳು ಈ ಭಾಗದ ನಿತ್ಯದ ನೋಟವಾದವು. ರಸ್ತೆ ಬದಿಯ ಹೊಲಗಳ ಬೆಳೆಯ ಮೇಲೆ ಕೆಂಪು ಧೂಳು ಕೂತಿತು. ಸರ್ಕಾರವು 2007ರಲ್ಲಿ ಈ ವಿಷಯವನ್ನು ಲೋಕಾಯುಕ್ತರಿಗೆ ಒಪ್ಪಿಸಿತು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008ರ ಡಿಸೆಂಬರ್‌ನಲ್ಲಿ ಮೊದಲ ವರದಿಯನ್ನೂ, ದಿನಾಂಕ 27-07-2011ರಂದು ಎರಡನೆಯ ವರದಿಯನ್ನೂ ಸಲ್ಲಿಸಿದರು. 2006ರಿಂದ 2010ರ ಅವಧಿಯಲ್ಲಿ ಬೊಕ್ಕಸಕ್ಕೆ ಆದ ನಷ್ಟವನ್ನು ಎರಡನೆಯ ವರದಿಯು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಎರಡು ದಿನಗಳ ನಂತರ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಈ ಸಂತೋಷ್ ಹೆಗ್ಡೆಯವರು, 1977ರಲ್ಲಿ ಹನುಮಂತಯ್ಯನವರನ್ನು ಸೋಲಿಸಿದ ಕೆ. ಎಸ್. ಹೆಗ್ಡೆಯವರ ಮಗ.

ಸಂಸ್ಥೆಯ ದಾರಿ ಆ ಬಳಿಕವೂ ಸುಗಮವಾಗಿರಲಿಲ್ಲ. ಭ್ರಷ್ಟಾಚಾರ ಪ್ರಕರಣಗಳ ತನಿಖೆಗೆ 2016ರಲ್ಲಿ ಪ್ರತ್ಯೇಕ ಭ್ರಷ್ಟಾಚಾರ ನಿಗ್ರಹ ದಳವು ರಚನೆಯಾಗಿ, ಲೋಕಾಯುಕ್ತ ಪೊಲೀಸರ ಅಧಿಕಾರವು ಕೈತಪ್ಪಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟು ಆ ದಳವನ್ನು ರದ್ದುಪಡಿಸಿ, ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು.

ಲೋಕಾಯುಕ್ತ ಅಧಿನಿಯಮದಡಿ ಸಾರ್ವಜನಿಕರು ಎರಡು ಬಗೆಯ ದೂರು ಸಲ್ಲಿಸಬಹುದು. ದುರಾಡಳಿತದಿಂದ ತನಗೆ ಅನ್ಯಾಯವಾಗಿದೆ ಎಂಬುದು ಕುಂದುಕೊರತೆ. ಅದನ್ನು ವಿಷಯ ತಿಳಿದ 6 ತಿಂಗಳೊಳಗೆ ಸಲ್ಲಿಸತಕ್ಕದ್ದು. ಲಂಚ ಅಥವಾ ಅಧಿಕಾರ ದುರುಪಯೋಗದಂಥದ್ದು ಆಪಾದನೆ. ಅದಕ್ಕೆ 5 ವರ್ಷಗಳ ಕಾಲಮಿತಿ. ದೂರನ್ನು ನಿಗದಿತ ನಮೂನೆಯಲ್ಲಿ, ಪ್ರಮಾಣೀಕರಿಸಿದ ಅಫಿಡವಿಟ್ಟಿನೊಂದಿಗೆ, ಕನ್ನಡದಲ್ಲಿಯೇ ಬರೆದು ಕೊಡಬಹುದು.