ಮೂವತ್ತು ವಾಟಿನ ಮೇಷ್ಟ್ರು

ಚಿಕ್ಕಜಾಲದ ನಮ್ಮ ಮನೆಯ ಗೋಡೆಗೂಡಿನಲ್ಲಿ ಒಂದು ರೇಡಿಯೊ ಇತ್ತು. ಸಂಜೆ ಹೊಲದಿಂದ ಬಂದ ತಾತ ಕೈಕಾಲು ತೊಳೆದು ಮೊದಲು ತಿರುಗಿಸುತ್ತಿದ್ದುದು ಅದರ ಕಿವಿಯನ್ನು. ಕೃಷಿರಂಗ ಮುಗಿಯುವವರೆಗೆ ನಾವು ಮಕ್ಕಳು ಉಸಿರೆತ್ತುವಂತಿರಲಿಲ್ಲ. ಆ ಆಕಾಶವಾಣಿಯ ಹೆಸರು ನಮ್ಮ ನಾಡಿನ ಒಬ್ಬ ಮೇಷ್ಟ್ರ ಮನೆಯಿಂದ ಹೊರಟದ್ದು ಎಂದು ತಿಳಿದದ್ದು ಬಿ.ಇ. ಓದುವಾಗ. ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಅವರನ್ನೇ ನೆನೆಯೋಣ ಅನ್ನಿಸಿತು.

ಅವರು ಡಾ. ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಪ್ರಸಿದ್ಧ ವಿದ್ವಾಂಸ ಸ್ಪಿಯರ್‌ಮನ್ ಬಳಿ ಮನಶ್ಶಾಸ್ತ್ರ ಕಲಿತು ಬಂದವರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಆ ವಿಷಯದ ವಿಭಾಗ ಕಟ್ಟಿದರು. ಅವರು ಎಂಜಿನಿಯರ್ ಅಲ್ಲ. ಆದರೂ 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಲ್ಲೇ ಪ್ರಸಾರ ಶುರುಮಾಡಿದರು. ಅವರ ಬಳಿಯಿದ್ದ ಪ್ರೇಷಕದ ಶಕ್ತಿ ಬರೀ 30 ವಾಟ್. ನಮ್ಮ ಕೊಟ್ಟಿಗೆಯಲ್ಲಿ ಉರಿಯುತ್ತಿದ್ದ 40 ವಾಟಿನ ಬಲ್ಬಿಗಿಂತ ಕಡಿಮೆ! ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಬಂದದ್ದೇ ಮರುವರ್ಷ, 1936ರಲ್ಲಿ.

ನಿಲಯಕ್ಕೆ ಆಕಾಶವಾಣಿ ಎಂದು ಹೆಸರಾಯಿತು. ಸಾಹಿತಿ ನಾ. ಕಸ್ತೂರಿಯವರು ಜೊತೆಗೆ ನಿಂತರು. ಸಂಗೀತ, ಭಾಷಣ, ಕಾವ್ಯವಾಚನ ಮೈಸೂರಿನ ಮನೆಗಳನ್ನು ತಲುಪಿದವು. ಖರ್ಚು ಬಹುಪಾಲು ಮೇಷ್ಟ್ರ ಜೇಬಿನದೇ. 1940ರ ದಶಕದ ಆರಂಭದಲ್ಲಿ, ತಾವು ಸಾಕಿ ಬೆಳೆಸಿದ ಆ ನಿಲಯವನ್ನು ಮೈಸೂರು ಸರ್ಕಾರಕ್ಕೆ ಒಪ್ಪಿಸಿದರು. 1950ರಲ್ಲಿ ಅದು ಕೇಂದ್ರದ ಕೈಸೇರಿತು. 1955ರ ನವೆಂಬರ್‌ನಲ್ಲಿ ಬೆಂಗಳೂರು ನಿಲಯ ಆರಂಭವಾದಾಗ ಮೈಸೂರಿನ ದನಿ ನಿಂತಿತು; ಮತ್ತೆ ಕೇಳಿದ್ದು 1974ರಲ್ಲಿ. ಆದರೆ ಅವರ ಮನೆಯಂಗಳದ ಹೆಸರು ಇಡೀ ದೇಶದ ಬಾನುಲಿಯ ಹೆಸರಾಗಿ ಉಳಿಯಿತು.

ನಮ್ಮ ಪಕ್ಕದ ಯಲಹಂಕಕ್ಕೆ ಮುಂದೆ ಆಕಾಶವಾಣಿಯ 500 ಕಿಲೋವಾಟಿನ ಪ್ರೇಷಕಗಳು ಬಂದವು. ಲೆಕ್ಕ ಹಾಕಿದರೆ ಅಂಥ ಒಂದೊಂದೂ ಮೇಷ್ಟ್ರ ಯಂತ್ರದ ಹದಿನಾರು ಸಾವಿರ ಪಟ್ಟಿಗೂ ಹೆಚ್ಚು. ಆದರೆ ಮೊದಲ ಹೆಜ್ಜೆ 30 ವಾಟಿನದೇ.

ಈ ಲೆಕ್ಕ ನನ್ನನ್ನು ಚುಚ್ಚುತ್ತದೆ. ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಹತ್ತು ವರ್ಷ ದಾಟಿತು. ಓದಿದ ಶಾಲೆಗೆ ಏನಾದರೂ ಮಾಡಬೇಕು ಎನ್ನುತ್ತಲೇ, ಕೈತುಂಬ ಹಣ ಬರಲಿ, ಬಿಡುವು ಸಿಗಲಿ ಎಂದು ಮುಂದೂಡಿದೆ. ತಾತ ಈಗಿಲ್ಲ, ರೇಡಿಯೊ ಅಟ್ಟ ಸೇರಿದೆ. ಗೋಪಾಲಸ್ವಾಮಿಯವರು ದೊಡ್ಡ ಯಂತ್ರ ಬರಲೆಂದು ಕಾದು ಕೂತವರಲ್ಲ. ಗುರುಗಳು ಒಪ್ಪಿದರೆ, ಬರುವ ಜೂನ್‌ನಿಂದ ಶನಿವಾರ ಮಧ್ಯಾಹ್ನ ಒಂಬತ್ತನೇ ತರಗತಿಯ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡಲು ಬರುತ್ತೇನೆ. ಸದ್ಯಕ್ಕೆ ನನ್ನ ಕೈಲಿರುವ ಮೂವತ್ತು ವಾಟು ಅಷ್ಟೇ.