ಹರ್ಟ್ಸ್ ಮತ್ತು ಕಬ್ಬಿಣದ ಒಲೆ

ದಸರಾ ರಜೆಗೆ ಮನೆಗೆ ಹೋದಾಗ ಅಪ್ಪ ಬಾಗಿಲಲ್ಲೇ ಕಂಪ್ಲೇಂಟ್ ಶುರು ಮಾಡಿದ್ರು. ಮಹಡಿ ಮೇಲೆ ಸಿಗ್ನಲ್ ಬರಲ್ಲ ಅಂತ ಎರಡನೇ ಆಕ್ಸೆಸ್ ಪಾಯಿಂಟ್ ಹಾಕಿಸಿದ್ರಂತೆ. ಆಮೇಲೆ ವೈಫೈ ಇನ್ನೂ ಹದಗೆಟ್ಟಿತ್ತು. ಇಂಜಿನಿಯರಿಂಗ್ ಓದೋ ಮಗ ಇದ್ದು ಏನು ಪ್ರಯೋಜನ ಅನ್ನೋದು ಅವರ ಪ್ರಶ್ನೆ. ಮರ್ಯಾದೆ ಉಳಿಸ್ಕೊಳ್ಳೋಕೆ ರೇಡಿಯೋ ಅಲೆಗಳ ಬಗ್ಗೆ ಓದೋಕೆ ಕೂತೆ. ಆಗ ಸಿಕ್ಕಿದ್ದು ಹೈನ್‌ರಿಚ್ ಹರ್ಟ್ಸ್.

ಅಲ್ಲಿವರೆಗೆ ನನಗೆ ಹರ್ಟ್ಸ್ ಅಂದ್ರೆ ಬರೀ ಯುನಿಟ್. ಲ್ಯಾಬ್ ರೆಕಾರ್ಡ್‌ನಲ್ಲಿ ಬರೆಯೋದು ಮರೆತರೆ ಅರ್ಧ ಮಾರ್ಕ್ ಹೋಗುತ್ತೆ, ಅಷ್ಟೇ. ಆತನೂ ಒಂದು ಕಾಲದಲ್ಲಿ ನಮ್ಮ ಹಾಗೆ ಇಂಜಿನಿಯರಿಂಗ್ ಸ್ಟೂಡೆಂಟ್ ಆಗಿದ್ದ ಅಂತ ಗೊತ್ತೇ ಇರಲಿಲ್ಲ.

ಹರ್ಟ್ಸ್ ಹುಟ್ಟಿದ್ದು 1857ರ ಫೆಬ್ರವರಿ 22ರಂದು, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಅಪ್ಪ ಲಾಯರ್. ಹುಡುಗ ಅರೇಬಿಕ್ ಕಲಿಯುವಷ್ಟು ಭಾಷೆಗಳಲ್ಲಿ ಚುರುಕು, ಜೊತೆಗೆ ಲೇತ್ ಹಿಡಿದು ಉಪಕರಣ ಮಾಡೋ ಹುಚ್ಚು. ಹಾಗಾಗಿ ಇಂಜಿನಿಯರ್ ಆಗೋಣ ಅಂತ ಹೊರಟ. ಫ್ರಾಂಕ್‌ಫರ್ಟ್‌ನಲ್ಲಿ ಟ್ರೈನಿಂಗ್, ಡ್ರೆಸ್ಡೆನ್‌ನಲ್ಲಿ ಪಾಲಿಟೆಕ್ನಿಕ್, ಒಂದು ವರ್ಷ ಸೈನ್ಯ, ಆಮೇಲೆ 1877ರಲ್ಲಿ ಮ್ಯೂನಿಕ್. ಅಲ್ಲಿಗೆ ಹೋದ ಮೇಲೆ ಮನಸ್ಸು ತಡೀಲಿಲ್ಲ. ತನಗೆ ಬೇಕಾಗಿರೋದು ಫಿಸಿಕ್ಸ್ ಅಂತ ಅಪ್ಪನಿಗೆ ಕಾಗದ ಬರೆದು ಒಪ್ಪಿಗೆ ಕೇಳಿದ. ಆಗ ಅವನಿಗೆ 20 ವರ್ಷ. ಅಪ್ಪ ಒಪ್ಪಿದರು. ಅಂಥ ಕಾಗದವನ್ನ ಮನಸ್ಸಲ್ಲೇ ಬರೆದು ಮನಸ್ಸಲ್ಲೇ ಹರಿದು ಹಾಕಿದವರು ನಮ್ಮ ಕ್ಲಾಸಲ್ಲೇ ಎಷ್ಟು ಜನ ಇದ್ದಾರೋ!

ಬರ್ಲಿನ್‌ನಲ್ಲಿ ಹೆಲ್ಮ್‌ಹೋಲ್ಟ್ಸ್ ಕೈಕೆಳಗೆ ಓದಿ 1880ರಲ್ಲಿ ಡಾಕ್ಟರೇಟ್ ಪಡೆದ. 1885ರಲ್ಲಿ ಕಾರ್ಲ್ಸ್‌ರೂಹೆಯ ಪಾಲಿಟೆಕ್ನಿಕ್‌ನಲ್ಲಿ ಪ್ರೊಫೆಸರ್ ಆದ. ಮುಂದಿನ ವರ್ಷ ಸಹೋದ್ಯೋಗಿಯೊಬ್ಬರ ಮಗಳು ಎಲಿಜಬೆತ್ ಜೊತೆ ಮದುವೆ ಆಯ್ತು.

ಮ್ಯಾಕ್ಸ್‌ವೆಲ್ ಸಮೀಕರಣಗಳು ಬಂದು ಆಗಲೇ 20 ವರ್ಷ ಕಳೆದಿತ್ತು. ವಿದ್ಯುತ್ಕಾಂತೀಯ ಅಲೆ ಇದೆ ಅಂತ ಪೇಪರ್ ಮೇಲೆ ಇತ್ತು, ಆದರೆ ಅದನ್ನ ಹುಟ್ಟಿಸಿ, ಹಿಡಿದು ತೋರಿಸಿದವರು ಯಾರೂ ಇರಲಿಲ್ಲ. 1886ರಲ್ಲಿ ಒಂದು ಕಾಯಿಲ್‌ನಲ್ಲಿ ಡಿಸ್ಚಾರ್ಜ್ ಮಾಡಿದಾಗ ಪಕ್ಕದ ಕಾಯಿಲ್‌ನಲ್ಲೂ ಕಿಡಿ ಹಾರೋದನ್ನ ಹರ್ಟ್ಸ್ ಗಮನಿಸಿದ. ಅಲ್ಲಿಂದ ಹಿಡಿದುಕೊಂಡ. ನಡುವೆ ಸಣ್ಣ ಗ್ಯಾಪ್ ಇರೋ ಎರಡು ಕಡ್ಡಿ ಅವನ ಟ್ರಾನ್ಸ್‌ಮಿಟರ್. ಸಣ್ಣ ಗ್ಯಾಪ್ ಇರೋ ತಂತಿಯ ಬಳೆ ರಿಸೀವರ್. ಬಳೆಯಲ್ಲಿ ಹಾರೋ ಕಿಡಿ ಎಷ್ಟು ಚಿಕ್ಕದು ಅಂದ್ರೆ ಕತ್ತಲಲ್ಲಿ ಕಣ್ಣು ಕಿರಿದು ಮಾಡಿ ನೋಡಬೇಕಿತ್ತು.

1887ರ ಕೊನೆಯಲ್ಲಿ ಅಲೆಯ ವೇಗ ಅಳೆಯೋಕೆ ಹೊರಟ. ಮೊದಲ ಫಲಿತಾಂಶ ನೋಡಿದರೆ ಅಲೆಗೆ ಗಾಳಿಯಲ್ಲಿ ಹೋಗೋಕೆ ಸಮಯವೇ ಬೇಡ ಅನ್ನೋ ಹಾಗಿತ್ತು! ಬೇಜಾರಾಗಿ ಪ್ರಯೋಗ ನಿಲ್ಲಿಸಿಬಿಟ್ಟ. ಸ್ವಲ್ಪ ದಿನ ಬಿಟ್ಟು ಮತ್ತೆ ಶುರು ಮಾಡಿದಾಗ ಒಂದು ಲೆಕ್ಕ ಬಂತು, ಅದೂ ತಪ್ಪು. ತಂತಿಯಲ್ಲಿ ಒಂದು ವೇಗ, ಗಾಳಿಯಲ್ಲಿ ಇನ್ನೊಂದು. ಮ್ಯಾಕ್ಸ್‌ವೆಲ್ ಪ್ರಕಾರ ಎರಡೂ ಒಂದೇ ಇರಬೇಕು.

ತೊಂದರೆ ಅಲೆಯಲ್ಲಿ ಇರಲಿಲ್ಲ, ರೂಮ್‌ನಲ್ಲಿತ್ತು. ಪ್ರಯೋಗ ಮಾಡ್ತಿದ್ದ ಹಾಲ್‌ನಲ್ಲಿ ಕಬ್ಬಿಣದ ಒಲೆ, ಕಬ್ಬಿಣದ ಕಂಬಗಳು, ಸುತ್ತ ಗೋಡೆ. ಎಲ್ಲಾ ಕಡೆಯಿಂದ ಅಲೆ ತಿರುಗಿ ಬಂದು ಮೂಲ ಅಲೆಯ ಜೊತೆ ಸೇರ್ತಿತ್ತು. ಹರ್ಟ್ಸ್ ಮಾಡಿದ ಕೆಲಸ ನನಗೆ ತುಂಬಾ ಇಷ್ಟ ಆಯ್ತು. ಕಾಟ ಕೊಟ್ಟ ಪ್ರತಿಫಲನವನ್ನೇ ಅಳತೆಗೋಲು ಮಾಡಿಕೊಂಡ. 15 ಮೀಟರ್ ಉದ್ದದ ಹಾಲ್‌ನಲ್ಲಿ ನೇತಾಡ್ತಿದ್ದ ಗ್ಯಾಸ್ ದೀಪ ಬಿಚ್ಚಿಸಿದ, ಗೋಡೆಗೆ 4 ಮೀಟರ್ ಎತ್ತರ, 2 ಮೀಟರ್ ಅಗಲದ ಸತುವಿನ ತಗಡು ಹೊಡೆಸಿದ. ಹೋಗೋ ಅಲೆ, ವಾಪಸ್ ಬರೋ ಅಲೆ ಸೇರಿ ನಿಂತ ಅಲೆ ಆಯ್ತು. ಬಳೆ ಹಿಡಿದು ನಡೆದರೆ ಒಂದು ಕಡೆ ಕಿಡಿ, ಇನ್ನೊಂದು ಕಡೆ ಏನೂ ಇಲ್ಲ. ಕಿಡಿ ಸಾಯೋ ಜಾಗಗಳ ನಡುವಿನ ದೂರವೇ ಅರ್ಧ ತರಂಗಾಂತರ.

ಆ ಅಲೆಗಳು ಹಾಲ್‌ಗೆ ಹೋಲಿಸಿದರೆ ತೀರಾ ಉದ್ದ. ಹಾಗಾಗಿ ತರಂಗಾಂತರವನ್ನ ಸುಮಾರು 60 ಸೆಂಟಿಮೀಟರ್‌ಗೆ ಇಳಿಸಿದ. ತಗಡಿನ ಪ್ಯಾರಾಬೋಲಾ ಕನ್ನಡಿ, ಸುಮಾರು 600 ಕಿಲೋ ತೂಕದ ಡಾಂಬರಿನಂಥ ಪಿಚ್‌ನ ಪ್ರಿಸಂ ಕಟ್ಟಿ, ಈ ಅಲೆ ಬೆಳಕಿನ ಹಾಗೇ ಪ್ರತಿಫಲಿಸುತ್ತೆ, ಬಾಗುತ್ತೆ ಅಂತ 1888ರಲ್ಲಿ ತೋರಿಸಿಬಿಟ್ಟ. ತಂತಿ–ಗಾಳಿ ವೇಗದ ಗೊಂದಲ ಪೂರ್ತಿ ತೀರಿದ್ದು ಜಿನೀವಾದಲ್ಲಿ ಬೇರೆಯವರು ಇನ್ನೂ ದೊಡ್ಡ ಹಾಲ್‌ನಲ್ಲಿ ಅಳೆದಾಗ. ತನ್ನ ಅಳತೆ ತಪ್ಪಿತ್ತು ಅಂತ ಒಪ್ಪಿಕೊಳ್ಳೋಕೆ ಹರ್ಟ್ಸ್ ಹಿಂಜರಿಯಲಿಲ್ಲ.

1889ರಲ್ಲಿ ಬಾನ್‌ಗೆ ಹೋದ. ಅಲ್ಲಿ ಕಾಯಿಲೆ ಹಿಡೀತು. ಆಪರೇಷನ್ ಮೇಲೆ ಆಪರೇಷನ್. 1894ರ ಜನವರಿ 1ರಂದು ತೀರಿಕೊಂಡ, ವಯಸ್ಸು 36. ಎಲಿಜಬೆತ್ ಜೊತೆ ಉಳಿದದ್ದು ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಅವನ ಅಲೆಗಳನ್ನ ಕಲ್ಕತ್ತಾದಲ್ಲಿ ಜಗದೀಶ್ ಚಂದ್ರ ಬೋಸ್ ಮಿಲಿಮೀಟರ್ ಲೆಕ್ಕಕ್ಕೆ ಇಳಿಸಿದರು, ಮಾರ್ಕೋನಿ ಸಮುದ್ರ ದಾಟಿಸಿದ. ಅದನ್ನ ನೋಡೋಕೆ ಹರ್ಟ್ಸ್ ಇರಲಿಲ್ಲ. 1930ರಲ್ಲಿ ಯುನಿಟ್‌ಗೆ ಅವನ ಹೆಸರು ಬಂತು. ಕೆಲವೇ ವರ್ಷಗಳಲ್ಲಿ ಹಿಟ್ಲರ್ ಬಂದ. ಹರ್ಟ್ಸ್‌ನ ತಂದೆಯ ಕಡೆಯವರು ಮೂಲದಲ್ಲಿ ಯಹೂದಿಗಳು ಅನ್ನೋ ಕಾರಣಕ್ಕೆ ಹೆಂಡತಿ, ಮಕ್ಕಳು ಜರ್ಮನಿ ಬಿಟ್ಟು ಇಂಗ್ಲೆಂಡ್‌ಗೆ ಹೋಗಬೇಕಾಯ್ತು. ಹೆಸರು ಇಡೀ ಪ್ರಪಂಚಕ್ಕೆ ಬೇಕಾಯ್ತು, ಮನೆಯವರು ಸ್ವಂತ ಊರಿಗೇ ಬೇಡವಾದರು.

ಇನ್ನು ನಮ್ಮ ಮನೆ ಕಥೆ. ಹರ್ಟ್ಸ್ ಬಳೆ ಹಿಡಿದ ಹಾಗೆ ನಾನು ಫೋನ್ ಹಿಡಿದು ರೂಮ್ ರೂಮ್ ಸುತ್ತಿದೆ. ಒಂದು ಸಲ ಕೆಳಗಿನ ಬಾಕ್ಸ್ ಆಫ್, ಇನ್ನೊಂದು ಸಲ ಮೇಲಿನದು ಆಫ್, ಪ್ರತಿ ಸಲ ಸಿಗ್ನಲ್ ಪೇಪರ್‌ನಲ್ಲಿ ಬರೆದುಕೊಂಡೆ. 2.4 ಗಿಗಾಹರ್ಟ್ಸ್‌ನ ಅಲೆ ಸುಮಾರು 12 ಸೆಂಟಿಮೀಟರ್, ಹಾಗಾಗಿ ಫೋನ್ ಒಂದು ಗೇಣು ಸರಿಸಿದ್ರೂ ನಂಬರ್ ಬದಲಾಗುತ್ತೆ. ಕೊನೆಗೆ ಮೂರು ತಪ್ಪು ಸಿಕ್ಕಿದವು. ಕೆಳಗಿನ ರೂಟರ್ ಕಬ್ಬಿಣದ ಬೀರು ಹಿಂದೆ ಇತ್ತು. ಎರಡೂ ಬಾಕ್ಸ್ 6ನೇ ಚಾನೆಲ್‌ನಲ್ಲಿದ್ದು, ಒಂದು ಮಾತಾಡೋವಾಗ ಇನ್ನೊಂದು ಕಾಯ್ತಿತ್ತು. ಎರಡೂ ಫುಲ್ ಪವರ್‌ನಲ್ಲಿದ್ದರಿಂದ ಮೇಲೆ ಹೋದ್ರೂ ಫೋನ್ ಕೆಳಗಿನದನ್ನ ಬಿಡ್ತಿರಲಿಲ್ಲ. ರೂಟರ್ ಜಾಗ ಬದಲಿಸಿ, ಚಾನೆಲ್ 1 ಮತ್ತು 11 ಮಾಡಿ, ಪವರ್ ಸ್ವಲ್ಪ ಇಳಿಸಿದೆ. ಅಮ್ಮನ ವಿಡಿಯೋ ಕಾಲ್ ಈಗ ಮೆಟ್ಟಿಲಲ್ಲಿ ಕಟ್ ಆಗಲ್ಲ.

ಅಪ್ಪ ಹೊಗಳಲಿಲ್ಲ. ಬೀರು ಯಾಕೆ ಅಡ್ಡ ಬರುತ್ತೆ ಅಂತ ಮಾತ್ರ ಕೇಳಿದ್ರು. ಕಾರ್ಲ್ಸ್‌ರೂಹೆಯ ಒಲೆ ಕಥೆಯಿಂದ ಶುರು ಮಾಡಿದೆ.