ಖಲೀಫ ಉಮರ್

ಅರೇಬಿಯದ ಮರುಭೂಮಿಯಲ್ಲಿ ಹುಲ್ಲೇ ಐಶ್ವರ್ಯ. ಅಪರೂಪದ ಮಳೆಗೆ ಚಿಗುರುವ ಆ ಹುಲ್ಲನ್ನು ಒಂಟೆ, ಕುರಿಗಳು ನಂಬಿದ್ದವು. ಅವುಗಳನ್ನು ಜನರು ನಂಬಿದ್ದರು. ಆ ಹುಲ್ಲು ಮೊದಲು ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಗೆ ನ್ಯಾಯದ ಉತ್ತರ ನೀಡಿದವರು ಇಸ್ಲಾಮಿನ ಎರಡನೆಯ ಖಲೀಫರಾದ ಹಜರತ್ ಉಮರ್.

ಉಮರರು ಆರನೆಯ ಶತಮಾನದ ಉತ್ತರಾರ್ಧದಲ್ಲಿ ಮಕ್ಕಾ ನಗರದ ಕುರೈಷ್ ಕುಲದಲ್ಲಿ ಜನಿಸಿದರು. ಬಾಲ್ಯದಲ್ಲಿ ತಂದೆ ಖತ್ತಾಬರ ಒಂಟೆಗಳನ್ನು ಮೇಯಿಸಿ ದನಗಾಹಿಯ ಕಷ್ಟವನ್ನು ಕಂಡುಂಡರು. ಮೊದಲು ಪ್ರವಾದಿ ಮುಹಮ್ಮದರ ಬೋಧನೆಯನ್ನು ಉಗ್ರವಾಗಿ ವಿರೋಧಿಸಿದ್ದ ಅವರು ಅನಂತರ ಅವರ ಆಪ್ತ ಅನುಯಾಯಿಯಾದರು, 622ರಲ್ಲಿ ಮದೀನಕ್ಕೆ ವಲಸೆ ಹೋದರು, 634ರಲ್ಲಿ ಖಲೀಫರಾದರು. ಸಿರಿಯ, ಈಜಿಪ್ಟ್‌ಗಳು ಅವರ ಆಳ್ವಿಕೆಗೆ ಒಳಪಟ್ಟರೂ ಅವರು ತೇಪೆಯ ಉಡುಪನ್ನೇ ತೊಟ್ಟು ಬಾಳಿದರು.

ಇಸ್ಲಾಮಿನ ನಂಬಿಕೆಯಂತೆ ಭೂಮಿ ಮನುಷ್ಯನ ಸ್ವತ್ತಲ್ಲ. ದೇವರು ಅವನಿಗೆ ಒಪ್ಪಿಸಿದ ಹೊಣೆ. ಹಿಂದೆ ಬಲಿಷ್ಠ ನಾಯಕರು ಒಳ್ಳೆಯ ಹುಲ್ಲುಗಾವಲುಗಳನ್ನು ತಮಗಾಗಿಯೇ ಕಾಯ್ದಿಡುತ್ತಿದ್ದರು. ಇದಕ್ಕೆ 'ಹಿಮಾ' ಎಂದು ಹೆಸರು. ಪ್ರವಾದಿಗಳು ಈ ಸ್ವಾರ್ಥದ ಪದ್ಧತಿಯನ್ನು ನಿಷೇಧಿಸಿ, ಸಾರ್ವಜನಿಕ ಹಿತಕ್ಕೆ ಮಾತ್ರ ಹಿಮಾ ಇರಬಹುದೆಂದು ವಿಧಿಸಿದರು. ಉಮರರು ಮದೀನದ ಪೂರ್ವದಲ್ಲಿದ್ದ ರಬದಾ ಎಂಬಲ್ಲಿ ಅಂತಹ ಹಿಮಾವನ್ನು ರಕ್ಷಿಸಿದರು. ರಾಜ್ಯದ ಒಂಟೆ, ಕುದುರೆಗಳಿಗೆ ಅದು ಮೇವಿನ ನೆಲೆಯಾಗಿತ್ತು.

ಆದರೆ ಆ ನೆಲದ ಮೂಲನಿವಾಸಿಗಳಿಗೆ ತಮಗೆ ಅನ್ಯಾಯವಾಯಿತೆಂಬ ಕೊರಗಿತ್ತು. ಉಮರರು ಅದನ್ನು ಬಲ್ಲವರಾಗಿದ್ದರು. ರಾಜ್ಯಕ್ಕೆ ಅಗತ್ಯವಿಲ್ಲದಿದ್ದರೆ ಒಂದು ಗೇಣು ನೆಲವನ್ನೂ ತಾವು ಮುಟ್ಟುತ್ತಿರಲಿಲ್ಲವೆಂದು ಒಪ್ಪಿಕೊಂಡರು. ಹುನೈ ಎಂಬಾತನನ್ನು ಕಾವಲಿಗೆ ನೇಮಿಸುವಾಗ, ಪೀಡಿತರ ಮೊರೆಗೆ ಅಂಜಬೇಕೆಂದು ಎಚ್ಚರಿಸಿದರು. ಕೆಲವೇ ಕುರಿ, ಒಂಟೆಗಳುಳ್ಳ ಬಡವರನ್ನು ಒಳಕ್ಕೆ ಬಿಡಬೇಕು. ಶ್ರೀಮಂತರಾದ ಅಬ್ದುರ್ರಹಮಾನ್ ಬಿನ್ ಔಫ್ ಹಾಗೂ ಉಸ್ಮಾನರ ಹಿಂಡುಗಳಿಗೆ ದಾಕ್ಷಿಣ್ಯ ತೋರಬಾರದು ಎಂದು ಆಜ್ಞಾಪಿಸಿದರು. ಆ ಇಬ್ಬರೂ ಪ್ರವಾದಿಗಳ ಆಪ್ತ ಸಂಗಾತಿಗಳೇ. ಆದರೆ ಹಿಂಡು ಅಳಿದರೆ ಸಿರಿವಂತರಿಗೆ ಖರ್ಜೂರದ ತೋಟವೂ ಹೊಲವೂ ಉಳಿಯುತ್ತವೆ. ಬಡವನಿಗೆ ಏನೂ ಉಳಿಯದು. ಆತ ಮಕ್ಕಳೊಡನೆ ಬಂದು ಮೊರೆಯಿಟ್ಟಾಗ ಬೊಕ್ಕಸದ ಬೆಳ್ಳಿಬಂಗಾರವನ್ನು ಕೊಡುವುದಕ್ಕಿಂತ ಹುಲ್ಲುನೀರನ್ನು ಕೊಡುವುದೇ ಮೇಲೆಂಬುದು ಅವರ ವಿವೇಕ.

639ರಲ್ಲಿ ಭೀಕರ ಕ್ಷಾಮವೊದಗಿತು. ಮಳೆಯಿಲ್ಲದೆ ನೆಲವು ಬೂದಿಯ ಬಣ್ಣಕ್ಕೆ ತಿರುಗಿತು. ಉಮರರು ಹೊರನಾಡುಗಳಿಂದ ಧಾನ್ಯ ತರಿಸಿ ಹಂಚಿದರು. ಜನರ ಬವಣೆ ನೀಗುವವರೆಗೆ ತುಪ್ಪ, ಮಾಂಸಗಳನ್ನು ತ್ಯಜಿಸಿದರು. ಮೂಕಪ್ರಾಣಿಗಳ ವಿಷಯದಲ್ಲಿಯೂ ಅವರ ಅಂತಃಕರಣ ಮಿಡಿಯುತ್ತಿತ್ತು. ಒಂಟೆಯ ಮೇಲೆ ಅತಿಭಾರ ಹೇರಿದವನನ್ನು ಅವರು ದಂಡಿಸಿದರೆಂದೂ, ಒಂಟೆಯ ಬೆನ್ನಿನ ಹುಣ್ಣಿಗೂ ತಾವು ದೇವರಿಗೆ ಉತ್ತರ ಹೇಳಬೇಕೆಂದು ಅಂಜುತ್ತಿದ್ದರೆಂದೂ ಪರಂಪರೆ ತಿಳಿಸುತ್ತದೆ.

644ರಲ್ಲಿ ಮದೀನದ ಮಸೀದಿಯಲ್ಲಿ ಪ್ರಾತಃಕಾಲದ ಪ್ರಾರ್ಥನೆಯ ವೇಳೆ ಉಮರರು ಇರಿತಕ್ಕೊಳಗಾಗಿ, ಕೆಲ ದಿನಗಳಲ್ಲಿ ನಿಧನರಾದರು. ಹಿಮಾ ಪದ್ಧತಿಯು ಅರೇಬಿಯದಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಬಾಳಿತು. ಲೆಬನಾನಿನಲ್ಲಿ 2004ರಿಂದೀಚೆಗೆ ಪಕ್ಷಿಗಳ ಮತ್ತು ಪ್ರಕೃತಿಯ ರಕ್ಷಣೆಗಾಗಿ ಅದನ್ನು ಪುನರುಜ್ಜೀವನಗೊಳಿಸಲಾಗಿದೆ. ಪ್ರಕೃತಿಯನ್ನು ಕಾಯುವ ಬೇಲಿಯು ಬಡವನನ್ನು ಹೊರಗಿಡಬಾರದೆಂಬ ಉಮರರ ನೀತಿ ಇಂದಿಗೂ ಸ್ಮರಣೀಯವಾಗಿದೆ.